ಶಿಕಾರಿಪುರದಿಂದ ಜಡೆಗೆ, ವಯಾ ಕೀನ್ಯಾ

ನನ್ನ ತಂಗಿ ಸುಮಿತ್ರಾ ಇರುವುದು ಸೊರಬ ತಾಲ್ಲೂಕಿನ ಜಡೆಯಲ್ಲಿ. ನಾನಿರುವುದು ಶಿಕಾರಿಪುರದಲ್ಲಿ. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿ, ಆನವಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಮಧ್ಯಾಹ್ನದ ಊಟ ಅವಳ ಮನೆಯಲ್ಲಿ. ಆದರೂ ಆರು ವರ್ಷ ನಾನು ಆ ಬಸ್ಸು ಹತ್ತಲಿಲ್ಲ. ಕೊನೆಗೆ ತಂಗಿಯ ಪಕ್ಕ ಕೂತು ನಾಲ್ಕು ಮಾತಾಡಬೇಕೆಂದು ಸಮುದ್ರ ದಾಟಿ ಕೀನ್ಯಾಕ್ಕೆ ಹೋದೆ. ಸಿಂಹ, ಜಿರಾಫೆ ಎಲ್ಲ ಆಮೇಲಿನ ಮಾತು. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನಾನೇ ಬೇಕಾದಷ್ಟು ನಕ್ಕಿದ್ದೇನೆ.

ಬಳ್ಳಿಗಾವಿ: ಹಂದಿಯೋ, ಮುಳ್ಳುಹಂದಿಯೋ

ನಮ್ಮ ತವರು ಬಳ್ಳಿಗಾವಿಯ ಹತ್ತಿರ. ಆರು ವರ್ಷದ ಹಿಂದೆ ಅಪ್ಪನ ಮೆಕ್ಕೆಜೋಳಕ್ಕೆ ಯಾವುದೋ ಪ್ರಾಣಿ ನುಗ್ಗಿ ಅರ್ಧ ಎಕರೆ ಮಲಗಿಸಿ ಹೋಗಿತ್ತು. ಹಬ್ಬಕ್ಕೆ ಬಂದಿದ್ದ ಅಳಿಯಂದಿರಿಬ್ಬರೂ, ಅಂದರೆ ನಮ್ಮ ಮನೆಯವರೂ ಸುಮಿತ್ರಾಳ ಗಂಡ ಮಂಜಪ್ಪನೂ, ಬೆಳಿಗ್ಗೆ ಕಾಫಿ ಕುಡಿದು ಜೊತೆಯಲ್ಲೇ ಹೊಲಕ್ಕೆ ಹೋದರು. ಮುರಿದ ದಂಟು ನೋಡಿ ನಮ್ಮ ಮನೆಯವರು, "ಹಂದಿ" ಎಂದರು. ಮಂಜಪ್ಪ ಬಗ್ಗಿ ಕೂತು, ತೆನೆ ತಿರುವಿ ನೋಡಿ, "ಮುಳ್ಳುಹಂದಿ" ಎಂದ.

"ಏ, ಹಂದಿ ಕಡಿದಿದ್ದು ನನಗೆ ಗೊತ್ತಾಗಲ್ಲೇನು? ಮೂವತ್ತು ವರ್ಷ ಅಟ್ಟಣಿಗೆ ಮೇಲೆ ಕೂತು ಜೋಳ ಕಾದೀನಿ."

"ಕೂತಿದ್ದು ಹೌದು ಅಣ್ಣ. ನಿದ್ದೆ ಮಾಡಿದ್ದೂ ಹೌದು."

ಅಷ್ಟೇ ನೋಡಿ. ಭತ್ತದ ಗದ್ದೆಯವನಿಗೆ ಜೋಳದ ವಿಷಯ ಏನು ಗೊತ್ತು ಎಂದು ಇವರು, ಬಯಲುಸೀಮೆಯವರಿಗೆ ಕಾಡಿನ ಪ್ರಾಣಿ ಏನು ಗೊತ್ತು ಎಂದು ಅವನು. ಊಟದ ಹೊತ್ತಿಗೆ ಒಬ್ಬರು ಪಂಕ್ತಿಯ ಈ ತುದಿ, ಇನ್ನೊಬ್ಬರು ಆ ತುದಿ. ಅಪ್ಪ ಪಾಪ, "ಹಂದೀನೋ ಮುಳ್ಳುಹಂದೀನೋ, ಹೋಗಿದ್ದು ನನ್ನ ಜೋಳ ಕಣ್ರಪ್ಪಾ, ನೀವ್ಯಾಕೆ ಬಡಿದಾಡ್ತೀರಿ?" ಎಂದು ಕೇಳಿಯೇ ಕೇಳಿದರು. ಇಬ್ಬರೂ ಕೈ ತೊಳೆಯಲು ಬೇರೆ ಬೇರೆ ಬಾಗಿಲಿನಿಂದ ಎದ್ದು ಹೋದರು. ಅವತ್ತು ನಿಂತ ಮಾತು ನಿಂತೇ ಹೋಯಿತು.

ಗಂಡಸರು ಮಾತು ಬಿಟ್ಟರೆ ಅವರಿಗೇನು ನಷ್ಟ? ಹೊಲ ಇದೆ, ಚಹಾದಂಗಡಿ ಇದೆ. ಸತ್ತವರು ನಾವು ಅಕ್ಕತಂಗಿಯರು. ಯುಗಾದಿಗೆ ನಾವು ಮೊದಲ ದಿನ ತವರಿಗೆ ಹೋದರೆ ಅವರು ಎರಡನೆಯ ದಿನ. ಸುಮಿತ್ರಾ ಹೊಸ ಮನೆ ಕಟ್ಟಿಸಿದಳು, ಗೃಹಪ್ರವೇಶಕ್ಕೆ ಹೋಗಲಿಲ್ಲ. ಅವಳು ಹೋಳಿಗೆಯನ್ನು ಡಬ್ಬಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದಳು. ಬಸ್ ಸ್ಟ್ಯಾಂಡಿಗೆ ಹೋಗಿ ಅದನ್ನು ಇಸಿದುಕೊಂಡು ಬಂದು, ಅಡುಗೆಮನೆಯಲ್ಲಿ ನಿಂತು ಅತ್ತುಕೊಂಡು ತಿಂದೆ. ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದೂ ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ನಾನು ಶಾಲೆಯಿಂದ ನಿವೃತ್ತಳಾದೆ. ಜೊತೆಯಲ್ಲಿ ಪಾಠ ಮಾಡುತ್ತಿದ್ದ ಗೆಳತಿಯೊಬ್ಬಳು ಆಫ್ರಿಕಾಕ್ಕೆ ಹೋಗಿ ಬಂದು ಫೋಟೊ ತೋರಿಸಿದಳು. ಅವಳು ತೋರಿಸಿದ್ದು ಸಿಂಹವನ್ನು, ನಾನು ನೋಡಿದ್ದು ಜೀಪನ್ನು. ಒಂದು ಜೀಪಿಗೆ ನಾಲ್ಕೇ ಜನ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರಲ್ಲೇ. ಸಿಟ್ಟು ಬಂತೆಂದು ಎದ್ದು ಹೋಗುವಂತಿಲ್ಲ, ಇಳಿದರೆ ಸಿಂಹ ತಿನ್ನುತ್ತದೆ. ಇಂಥ ಅನುಕೂಲ ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲಿ ಸಿಗಬೇಕು? ಅವತ್ತೇ ಸುಮಿತ್ರಾಗೆ ಫೋನು ಮಾಡಿದೆ. ನಾನು ಇವರಿಗೆ, "ಮಂಜಪ್ಪ ಆಫ್ರಿಕಾಕ್ಕೆ ಹೋಗ್ತಾನಂತೆ, ಸಿಂಹ ನೋಡ್ಕಂಡು ಬಂದು ತವರಲ್ಲೆಲ್ಲ ಹೇಳ್ಕಂಡು ತಿರುಗ್ತಾನೆ" ಎಂದೆ. ಅವಳು ಅಲ್ಲಿ ಅವನಿಗೆ ಇದೇ ಮಾತನ್ನು ಇವರ ಹೆಸರಿಟ್ಟು ಹೇಳಿದಳು. ಒಂದು ವಾರದಲ್ಲಿ ಇಬ್ಬರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು.

ಶಿಕಾರಿಪುರ: ಖಾಕಿ

ಜನವರಿಯಲ್ಲಿ ಜೋಳ ಮಾರಿ, ಕಣ ಬರಿದಾದ ಮೇಲೆ ನಾಲ್ವರೂ ಒಂದೇ ಟೂರಿನಲ್ಲಿ ಹೊರಡುವುದೆಂದಾಯಿತು. ಶಿವಮೊಗ್ಗದ ಟೂರಿನವರು ಒಂದು ಪಟ್ಟಿ ಕಳಿಸಿದರು. ಬಿಳಿ ಬಟ್ಟೆ ಬೇಡ, ಕಪ್ಪು ಬೇಡ, ನೀಲಿ ಬೇಡ, ಅವಕ್ಕೆ ಒಂದು ಜಾತಿಯ ನೊಣ ಬಂದು ಕಚ್ಚುತ್ತದಂತೆ. ಕೆಂಪು, ಹಸಿರು ಜರಿ ಎಲ್ಲ ಪ್ರಾಣಿಗಳ ಕಣ್ಣಿಗೆ ಹೊಡೆಯುತ್ತದಂತೆ. ಮಣ್ಣಿನ ಬಣ್ಣದ್ದು ಮಾತ್ರ ಇರಲಿ. ನಮ್ಮ ಮನೆಯವರ ಬೀರು ತೆಗೆದೆ. ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಬನಿಯನ್ನು. ನನ್ನ ಬೀರುವಿನಲ್ಲಿ ನವಿಲುಗಳೇ ಕೂತಿದ್ದವು.

ಬಟ್ಟೆ ಅಂಗಡಿಗೆ ಹೋಗಿ ಮಣ್ಣಿನ ಬಣ್ಣದ ಬಟ್ಟೆ ತೋರಿಸಿ ಎಂದರೆ ಅಂಗಡಿಯವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಒಂದು ಥಾನು ಇಳಿಸಿದರು. "ಖಾಕಿ ಐತೆ ನೋಡ್ರಿ ಟೀಚರ್. ಡ್ರೈವರ್ ಕ್ವಾಲಿಟಿ. ಹತ್ತು ವರ್ಷ ಅಲ್ಲಾಡಲ್ಲ."

ಹೊಲಿಯಲು ಕೊಟ್ಟದ್ದು ನಮ್ಮ ಬೀದಿಯ ಟೇಲರ್ ಸಾಹೇಬರಿಗೆ. ಅವರು ನಲವತ್ತು ವರ್ಷದಿಂದ ಬಸ್ಸಿನವರ ಯೂನಿಫಾರಂ ಹೊಲಿಯುತ್ತಾ ಬಂದವರು. ಸುಮ್ಮನೆ ಒಂದು ಅಂಗಿ ಸಾಕು ಎಂದು ಹೇಳಿದ್ದೆ. ಆದರೆ ಕೈ ಕೇಳಬೇಕಲ್ಲ? ಖಾಕಿ ಬಟ್ಟೆ ಕಂಡ ಕೂಡಲೇ ಅವರ ಕೈ ತಾನಾಗಿ ಭುಜಕ್ಕೆ ಪಟ್ಟಿ ಹೊಲಿದಿತ್ತು, ಎದೆಗೆ ಮುಚ್ಚಳವಿರುವ ಎರಡು ಜೇಬು ಇಟ್ಟಿತ್ತು, ಸೀಟಿ ಸಿಕ್ಕಿಸಲು ಒಂದು ಕುಣಿಕೆ ಕೂಡ. ನನ್ನ ಚೂಡಿದಾರಕ್ಕೂ ಭುಜಪಟ್ಟಿ ಬಂದಿತ್ತು. ಕನ್ನಡಿ ಮುಂದೆ ನಿಂತರೆ ಜಾತ್ರೆ ಬಂದೋಬಸ್ತಿಗೆ ಹೊರಟ ಹೋಂ ಗಾರ್ಡ್ ಥರ ಕಂಡೆ.

"ಹೊಸ ಬಟ್ಟೆ ಮೈಗೆ ಹೊಂದಬೇಕು" ಎಂದು ನಮ್ಮ ಮನೆಯವರು ಅದನ್ನು ಹಾಕಿಕೊಂಡೇ ಬಸ್ ಸ್ಟ್ಯಾಂಡಿನ ಕಡೆ ಹೋದರು. ಅರ್ಧ ಗಂಟೆಗೆ ಬರುತ್ತೇನೆಂದವರು ಎರಡು ಗಂಟೆ ಕಳೆದರೂ ಬರಲಿಲ್ಲ. ಬಂದಾಗ ಮುಖ ಕೆಂಪಗಾಗಿತ್ತು.

"ಏನಾತ್ರಿ?"

"ಏನಾಗೋದು? ಒಂದು ಅಜ್ಜಿ ಬಂದು, ಆನವಟ್ಟಿ ಬಸ್ಸು ಎಷ್ಟೊತ್ತಿಗೆ ಬಿಡ್ತೀಯಪ್ಪಾ ಅಂತು. ನಾನು ಡ್ರೈವರ್ ಅಲ್ಲಮ್ಮಾ ಅಂದೆ. ಹಂಗಾರೆ ಟಿಕೆಟ್ ಕೊಡು ಅಂತು."

"ಆಮೇಲೆ?"

"ಆಮೇಲೆ ಏನು, ಕೇಳಿ ಹೇಳಿದೆ. ಹತ್ತೂವರೆಗೆ ಅಂತ. ಅದನ್ನ ನೋಡಿ ಇನ್ನೊಂದು ಹತ್ತು ಜನ ಬಂದ್ರು. ಎಲ್ರಿಗೂ ಹೇಳಿ, ಹತ್ತಿಸಿ, ಸೀಟು ಮಾಡಿಕೊಟ್ಟು ಬಂದೀನಿ."

ನನಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ತಕ್ಷಣ ತಂಗಿಗೆ ಫೋನು ಮಾಡಿ ಹೇಳಿದೆ. ಅವಳು ನಗಲಿಲ್ಲ. "ಎಂತ ಹೇಳ್ತೀಯೇ ಅಕ್ಕ! ನಮ್ಮವರೂ ಸೊರಬದಾಗೆ ಖಾಕಿನೇ ಹೊಲಿಸ್ಯಾರೆ ಮಾರಾಯ್ತಿ" ಎಂದಳು.

ಫೋನಿನಲ್ಲಿ: ಕವರುಗಳ ಗತಿ

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಸುಖ. ಆರು ವರ್ಷ ಕದ್ದು ಮುಚ್ಚಿ ಎರಡೆರಡು ನಿಮಿಷ ಮಾತಾಡುತ್ತಿದ್ದವರಿಗೆ ಈಗ ದಿನಾ ಎರಡು ಹೊತ್ತು ಫೋನು ಮಾಡಲು ನೆಪ ಸಿಕ್ಕಿತು. ಬೆಡ್‌ಶೀಟು ಬೇಕೋ ಬೇಡವೋ ಎಂಬ ಒಂದೇ ವಿಷಯವನ್ನು ನಾವು ಮೂರು ದಿನ ಎಳೆದೆವು. ಅಲ್ಲಿ ಕೊಡುತ್ತಾರೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು.

ಊಟದ ಸಾಮಾನು ಹಂಚಿಕೊಂಡೆವು. ನನ್ನದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಅವಳದು ಅವಲಕ್ಕಿ, ಮಿಡಿ ಉಪ್ಪಿನಕಾಯಿ. ಫೋನಿನ ಸ್ಪೀಕರಿನಲ್ಲಿ ಮಂಜಪ್ಪನ ದನಿ ಹಿಂದಿನಿಂದ ಕೇಳುತ್ತಿತ್ತು: "ಅಕ್ಕಂಗೆ ಹೇಳು, ಆ ರೊಟ್ಟಿ ಬೇಕಾರೆ ಮನೆಗೆ ಹೆಂಚು ಹೊದಿಸಕ್ಕೆ ಆಗ್ತದೆ, ತಿನ್ನಕ್ಕಲ್ಲ." ಈ ಕಡೆ ಪೇಪರು ಓದುತ್ತಿದ್ದವರು ಕತ್ತೆತ್ತದೆ, "ನಿನ್ನ ತಂಗಿಗೆ ಹೇಳು, ಅವಲಕ್ಕಿ ತಿಂದ್ರೆ ಸಿಂಹ ಕಂಡಾಗ ಓಡಕ್ಕೆ ಶಕ್ತಿ ಇರಲ್ಲ" ಎಂದರು. ಹೀಗೆ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ನಾವಿಬ್ಬರೂ ಪೋಸ್ಟ್‌ಮ್ಯಾನ್ ಕೆಲಸ ಮಾಡಲೇಬೇಕಿತ್ತು.

ಅಷ್ಟರಲ್ಲಿ ಟೂರಿನವರಿಂದ ಇನ್ನೊಂದು ಸುದ್ದಿ ಬಂತು. ಕೀನ್ಯಾಕ್ಕೆ ಪ್ಲಾಸ್ಟಿಕ್ ಕವರು ತರುವಂತಿಲ್ಲ, ತಂದರೆ ದಂಡ. ನನ್ನ ಎದೆ ಒಡೆಯಿತು. ನಮ್ಮ ಮನೆಯಲ್ಲಿ ಕವರುಗಳನ್ನೆಲ್ಲ ಮಡಿಸಿ ಒಂದು ದೊಡ್ಡ ಕವರಿನಲ್ಲಿ ತುಂಬಿ ಬಾಗಿಲ ಹಿಂದೆ ನೇತುಹಾಕಿದ್ದೇವೆ. ಯಾವ ಮನೆಯಲ್ಲಿಲ್ಲ ಹೇಳಿ? ಚಟ್ನಿಪುಡಿಗೆ ಒಂದು ಕವರು, ಅದರ ಮೇಲೆ ಇನ್ನೊಂದು, ಸೋರಿದರೆ ಅಂತ ಮತ್ತೊಂದು ಎಂದು ಆಗಲೇ ಕಟ್ಟಿ ಇಟ್ಟಿದ್ದೆ. ಎಲ್ಲವನ್ನೂ ಬಿಚ್ಚಿದೆ. ಟೇಲರ್ ಸಾಹೇಬರ ಹತ್ತಿರ ಹೋಗಿ, ಉಳಿದ ಖಾಕಿ ಬಟ್ಟೆಯಲ್ಲೇ ಸಣ್ಣ ಸಣ್ಣ ಚೀಲ ಹೊಲಿದು ಕೊಡಿ ಎಂದೆ. ಅವರು ಬಲು ಶ್ರದ್ಧೆಯಿಂದ ಆರು ಚೀಲ ಹೊಲಿದರು. ಚಟ್ನಿಪುಡಿಗೂ ಯೂನಿಫಾರಂ ಆಯಿತು.

ಮಂಡಿ: ತೂಕ

ಕೊನೆಯ ಗಂಡಾಂತರ ತೂಕದ್ದು. ನೈರೋಬಿಯಿಂದ ಕಾಡಿಗೆ ಸಣ್ಣ ವಿಮಾನ. ತಲೆಗೆ ಹದಿನೈದು ಕೆ.ಜಿ. ಮಾತ್ರ, ಕೈಚೀಲವೂ ಸೇರಿ. ಅದೂ ಗಾಲಿಯಿಲ್ಲದ ಮೆತ್ತನೆ ಚೀಲವೇ ಆಗಬೇಕು.

ಮನೆಯಲ್ಲಿ ತೂಗಲು ಏನಿದೆ? ಚೀಲಗಳನ್ನು ಬೈಕಿಗೆ ಹಾಕಿಕೊಂಡು ನಾವು ಜೋಳ ಮಾರುವ ಮಂಡಿಗೆ ಹೋದೆವು. ಹಮಾಲರು ನನ್ನ ಹೋಂ ಗಾರ್ಡ್ ಚೂಡಿದಾರ ತುಂಬಿದ ಚೀಲವನ್ನು ಜೋಳದ ಚೀಲದಂತೆಯೇ ಬೆನ್ನ ಮೇಲೆ ಹೊತ್ತು ಕಾಟಾದ ಮೇಲೆ ಧೊಪ್ಪೆಂದು ಕೆಡವಿದರು. ನನ್ನದು ಹದಿನಾಲ್ಕೂವರೆ. ಇವರದು ಹದಿನಾರು.

"ಒಂದು ಕೆ.ಜಿ. ತೆಗೀಬೇಕು ಕಣ್ರಿ" ಎಂದೆ.

"ಯಾಕೆ? ಚೀಲದ ತೂಕ ಕಳಿಯಲ್ವಾ?"

ಇದನ್ನು ಕೊಂಚ ಬಿಡಿಸಿ ಹೇಳಬೇಕು. ಮಂಡಿಯಲ್ಲಿ ಜೋಳ ತೂಗಿದಾಗ ಪ್ರತಿ ಚೀಲಕ್ಕೂ ಇಷ್ಟು ಎಂದು ಬರೀ ಚೀಲದ ತೂಕ ಕಳೆಯುತ್ತಾರೆ. ನಮ್ಮವರು ಜೀವಮಾನವಿಡೀ ಆ ಕಳೆಯುವಿಕೆಯನ್ನು ಬೈದುಕೊಂಡೇ ಸಹಿಸಿದವರು. ಈಗ ಮೊದಲ ಸಲ ಅದು ತಮ್ಮ ಕಡೆಗೆ ವಾಲಿದೆ, ಬಿಡುತ್ತಾರೆಯೇ? ಮಂಡಿಯ ಯಜಮಾನರೂ, "ಹೌದ್ರಿ ಟೀಚರ್, ಮಾಲಿನ ತೂಕ ಬೇರೆ, ಚೀಲದ ತೂಕ ಬೇರೆ. ದೇಶ ಯಾವುದಾದ್ರೇನು, ಕಾಟಾ ಕಾಟಾನೇ" ಎಂದುಬಿಟ್ಟರು. ಇಬ್ಬರು ವ್ಯವಹಾರಸ್ಥರ ಮುಂದೆ ಮೇಷ್ಟ್ರಮ್ಮನ ಮಾತು ನಡೆಯಲಿಲ್ಲ. ಹದಿನಾರು ಕೆ.ಜಿ. ಚೀಲ ಹಾಗೇ ಹೊರಟಿತು.

ಬೆಂಗಳೂರು, ನೈರೋಬಿ: ಒಂದೇ ಬಸ್ಸಿನವರು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುಮಿತ್ರಾ ಕಂಡಳು. ನಾನು ಚೀಲ ಅಲ್ಲೇ ಬಿಸಾಕಿ ಓಡಿದೆ, ಅವಳೂ ಓಡಿ ಬಂದಳು. ಇಬ್ಬರೂ ಅಪ್ಪಿಕೊಂಡು ನಿಂತಾಗ ಅವಳ ಕೂದಲು ಎಷ್ಟೊಂದು ಬೆಳ್ಳಗಾಗಿದೆ ಎಂದು ನೋಡಿ ನನಗೆ ದುಃಖ ತಡೆಯಲಿಲ್ಲ.

ನಮ್ಮ ಹಿಂದೆ ನಿಂತಿದ್ದವು ಎರಡು ಖಾಕಿಗಳು. ಅದೇ ಭುಜಪಟ್ಟಿ, ಅದೇ ಜೇಬು. ಒಬ್ಬರು ಬೋರ್ಡು ಓದುತ್ತಿದ್ದರು, ಇನ್ನೊಬ್ಬ ಸೀಲಿಂಗು ನೋಡುತ್ತಿದ್ದ. ಒಂದೇ ಬಸ್ಸಿನ ಡ್ರೈವರ್ರೂ ಕಂಡಕ್ಟರ್ರೂ ಜಗಳವಾಡಿಕೊಂಡು ನಿಂತ ಹಾಗಿತ್ತು. "ಅಕ್ಕ, ಆರಾಮ?" ಎಂದ ಮಂಜಪ್ಪ. ಅದು ನನಗೆ. "ಸುಮಿತ್ರಾ, ಅರಾಮೇನಮ್ಮ?" ಎಂದರು ಇವರು. ಅಲ್ಲಿಗೆ ಮುಗಿಯಿತು.

ನೈರೋಬಿಯ ಸಣ್ಣ ನಿಲ್ದಾಣದಲ್ಲಿ ತೂಕ ನೋಡುತ್ತಿದ್ದವಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಜಡೆಗೆ ಸಣ್ಣ ಸಣ್ಣ ಮಣಿ ಹೆಣೆದುಕೊಂಡಿದ್ದಳು. ಇವರ ಚೀಲ ಹದಿನಾರು ತೋರಿಸಿತು. ಆಕೆ ತಲೆ ಅಲ್ಲಾಡಿಸಿದಳು.

"ಚೀಲದ ತೂಕ ಕಳೀಬೇಕು ಅಂತ ಹೇಳು" ಎಂದರು ಇವರು.

"ನಾನು ಹೇಳಲ್ಲ."

"ಮೂವತ್ತೈದು ವರ್ಷ ಪಾಠ ಮಾಡಿ ಇಷ್ಟು ಹೇಳಕ್ಕೆ ಬರಲ್ವಾ?"

ಮಾನ ಮರ್ಯಾದೆ ಬದಿಗಿಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿ, "ಆದರೆ ಮೇಡಂ, ಚೀಲವೂ ವಿಮಾನದಲ್ಲೇ ಬರುತ್ತದಲ್ಲ?" ಎಂದಳು. ಆಗ ಹಿಂದಿನಿಂದ ಮಂಜಪ್ಪನ ದನಿ ಕೇಳಿಸಿತು: "ಸುಮಿತ್ರಾ, ಚೀಲದ ತೂಕ ಕಳೀಬೇಕು ಅಂತ ಹೇಳೇ ಅವಳಿಗೆ." ಅವನದೂ ಹದಿನಾರು!

ಇಬ್ಬರು ಗಂಡಸರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದರು. ಈಗ ಮಾತಾಡುತ್ತಾರೆ, ಈಗ ಮಾತಾಡುತ್ತಾರೆ ಎಂದು ನಾನು ಕಾದೆ. ಇಲ್ಲ. ಇಬ್ಬರೂ ಬೇರೆ ಬೇರೆ ಮೂಲೆಗೆ ಹೋಗಿ, ಚೀಲ ಬಿಚ್ಚಿ, ಪ್ಯಾಂಟಿನ ಮೇಲೆ ಪ್ಯಾಂಟು ಹಾಕಿಕೊಂಡು, ಮುಚ್ಚಳವಿರುವ ಜೇಬುಗಳಿಗೆ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ತುಂಬಿಕೊಂಡು ಬಂದರು. ಅಲ್ಲಿ ಮನುಷ್ಯರನ್ನು ತೂಗಲಿಲ್ಲ. ನಡೆಯುವಾಗ ಇಬ್ಬರೂ ಮೊಣಕಾಲು ಮಡಚಲಾಗದೆ ಕೋಲು ಕಾಲಿನವರಂತೆ ವಿಮಾನ ಹತ್ತಿದರು.

ಮಸಾಯ್ ಮಾರಾ: ಮೊದಲ ದಿನ

ಊಟಕ್ಕೆ ಕೂತರೆ ತಟ್ಟೆಯಲ್ಲಿ ಬಿಳಿಯ ಮುದ್ದೆ. ಉಗಾಲಿ ಅಂತ ಹೆಸರು. ಯಾವ ಹಿಟ್ಟು ಎಂದು ಕೇಳಿದರೆ ಮೆಕ್ಕೆಜೋಳ. ನಮ್ಮವರು ಹಾಗೇ ಕೂತುಬಿಟ್ಟರು. ವರ್ಷವಿಡೀ ಬೆಳೆದು, ಕೋಳಿ ಆಹಾರಕ್ಕೆ ಎಂದು ಲಾರಿಗೆ ತುಂಬಿ ಕಳಿಸುವುದನ್ನು ಇಲ್ಲಿ ಜನ ಸೊಪ್ಪಿನ ಪಲ್ಯ ಹಚ್ಚಿಕೊಂಡು ಗೌರವದಿಂದ ಉಣ್ಣುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟು, "ಛೇ, ಮನೇಲಿ ಒಂದು ದಿನಾನೂ ಮಾಡಿ ನೋಡಲಿಲ್ವಲ್ಲ" ಎಂದು ಇವರು ಪೇಚಾಡಿದರು. ಆ ತುದಿಯಲ್ಲಿ ಮಂಜಪ್ಪ ಎರಡನೆಯ ಮುದ್ದೆ ಹಾಕಿಸಿಕೊಳ್ಳುತ್ತಿದ್ದ. ನಾವು ಹೊತ್ತುಕೊಂಡು ಹೋದ ರೊಟ್ಟಿ, ಅವಲಕ್ಕಿಯನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಜೀಪು. ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ನಾನೂ ಸುಮಿತ್ರಾಳೂ ನಡುವೆ, ಅವರಿಬ್ಬರೂ ಎರಡು ಕಿಟಕಿಗೆ. ಇವರು ಎಡಗಡೆಯ ಆನೆ ನೋಡಿದರು, ಅವನು ಬಲಗಡೆಯ ಜಿರಾಫೆ ನೋಡಿದ. "ಸುಮಿತ್ರಾ, ನಿನ್ನ ಗಂಡಗೆ ಹೇಳು, ಕಾಲು ಆಕಡೆ ತಗಳ್ಳಲಿ." "ಅಕ್ಕ, ಅವರಿಗೆ ಹೇಳಿ, ಟೊಪ್ಪಿಗೆ ತೆಗೀಲಿ, ಎಂತದೂ ಕಾಣಲ್ಲ." ಸಂಜೆ ಟೆಂಟಿಗೆ ಬಂದು ಸುಮಿತ್ರಾ, "ಇವರನ್ನ ಸಿಂಹದ ಬಾಯಿಗೆ ಹಾಕಿದ್ರೂ ಮಾತಾಡಲ್ಲ ಅಕ್ಕ. ನಾವು ಊರಿಗೆ ಹೋದ್ಮೇಲೆ ಮತ್ತೆ ಅದೇ" ಎಂದು ಕಣ್ಣೊರೆಸಿಕೊಂಡಳು. ನನಗೂ ಧೈರ್ಯ ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ.

ಎರಡನೆಯ ದಿನ: ಹುಲ್ಲಿನಲ್ಲಿ

ನಮ್ಮ ಜೀಪಿನ ಡ್ರೈವರ್ ಜೋಸೆಫ್ ಬೆಳಿಗ್ಗೆಯೇ ಒಂದು ಹೆಣ್ಣು ಸಿಂಹವನ್ನು ಹುಡುಕಿದ. ಅದು ಹುಲ್ಲಿನಲ್ಲಿ ಹೊಟ್ಟೆ ಹಚ್ಚಿ ಕೂತು ಹೊಂಚು ಹಾಕಿತ್ತು. ಬೇಟೆ ನೋಡಬೇಕಾದರೆ ಉಸಿರೂ ಬಿಡಬೇಡಿ ಎಂದ. ಸುತ್ತ ಇನ್ನೂ ಐದು ಜೀಪು. ಪಕ್ಕದ ಜೀಪಿನಲ್ಲಿ ಒಬ್ಬ ಬಿಳಿಯ ಮುದುಕ ಒನಕೆಯುದ್ದದ ಕ್ಯಾಮೆರಾ ಹಿಡಿದು ಕೂತಿದ್ದ. ಎರಡು ಗಂಟೆ ಕಾದೆವು. ಯಾರೂ ಕೆಮ್ಮಲಿಲ್ಲ.

ಆಗ ಎದುರಿನ ಪೊದೆಯಿಂದ ಹಂದಿಗಳು ಬಂದವು. ನಮ್ಮ ಹಂದಿಗಿಂತ ಕುಳ್ಳು, ಮುಖದ ತುಂಬಾ ಗಂಟು, ಬಾಲ ಆಂಟೆನಾದಂತೆ ನೆಟ್ಟಗೆ. ಒಂದು ತಾಯಿ, ನಾಲ್ಕು ಮರಿ. ನೇರ ಹುಲ್ಲಿನ ಕಡೆಗೆ. ಹುಲ್ಲೋ, ಕೊಯ್ಲಿಗೆ ಬಂದ ಪೈರಿನಂತೆ ಒಣಗಿ ಎದೆಮಟ್ಟ ನಿಂತಿತ್ತು. ಸಿಂಹ ತಲೆ ತಗ್ಗಿಸಿತು. ಮುದುಕ ಕ್ಯಾಮೆರಾಕ್ಕೆ ಕಣ್ಣಿಟ್ಟ. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮವರ ಕತ್ತಿನ ನರ ಉಬ್ಬಿತ್ತು. ಆ ಕಡೆ ಮಂಜಪ್ಪನೂ ಸೀಟಿನಿಂದ ಅರ್ಧ ಎದ್ದಿದ್ದ. ಹಂದಿಯ ಮೊದಲ ಕಾಲು ಹುಲ್ಲಿನೊಳಗೆ ಬಿತ್ತು.

"ಹೋ ಹೋ ಹೋಯ್! ಹಂದಿ ಹೊಕ್ಕಾವೋ! ಮಂಜಪ್ಪಾ, ನೀ ಆ ಬದು ಹಿಡಿಯೋ!"

"ಹಿಡಿದೆ ಅಣ್ಣಾ! ನೀವು ಈ ಕಡೆಯಿಂದ ಹೊಡೀರಿ!"

ಮಂಜಪ್ಪ ನೀರಿನ ಸ್ಟೀಲ್ ಬಾಟಲಿಯಿಂದ ಜೀಪಿನ ಕಬ್ಬಿಣಕ್ಕೆ ಢಣ ಢಣ ಬಾರಿಸಿದ. ಇವರು ಟವೆಲ್ ಬೀಸುತ್ತಾ ಇಡೀ ಆಫ್ರಿಕಾಕ್ಕೆ ಕೇಳುವಂತೆ ಕೂಗಿದರು. ಅಲ್ಲಿ ಬದುವೂ ಇರಲಿಲ್ಲ, ಬೆಳೆಯೂ ಇರಲಿಲ್ಲ. ಹಂದಿಗಳು ಬಾಲ ಎತ್ತಿಕೊಂಡು ದಿಕ್ಕಾಪಾಲಾಗಿ ಓಡಿದವು. ಸಿಂಹ ಎದ್ದು ನಿಂತು, ನಮ್ಮ ಜೀಪನ್ನು ಒಂದು ಸಲ ನೋಡಿ, ಬೇಸತ್ತು ಹೊರಟುಹೋಯಿತು. ಜೀವಮಾನವಿಡೀ ಹಂದಿಗೆ ಶಾಪ ಹಾಕಿದವರಿಬ್ಬರು ಸೇರಿ ಒಂದು ಹಂದಿ ಸಂಸಾರವನ್ನೇ ಉಳಿಸಿದ್ದರು.

ಕ್ಯಾಮೆರಾದ ಮುದುಕ ಎದ್ದು ನಿಂತು ಯಾವುದೋ ಭಾಷೆಯಲ್ಲಿ ಬೈಯತೊಡಗಿದ. ಜೋಸೆಫ್ ನನ್ನ ಕಡೆ ತಿರುಗಿ, "ಮೇಡಂ, ಇವರು ಏನು ಮಾಡಿದರು?" ಎಂದ.

"ರೈತರಪ್ಪಾ. ಊರಲ್ಲಿ ಇವರ ಕೆಲಸವೇ ಇದು" ಎಂದೆ.

ಅವನು ಸ್ಟೀರಿಂಗಿಗೆ ಹಣೆ ಹಚ್ಚಿದ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ, ನಮ್ಮಿಂದ ಇವನ ಕೆಲಸ ಹೋಯಿತು ಎಂದು ಗಾಬರಿಯಾದೆ. ನೋಡಿದರೆ ನಗುತ್ತಿದ್ದಾನೆ! ಅವನ ಅಪ್ಪನೂ ಜೋಳಕ್ಕೆ ಆನೆ ಬಂದರೆ ತಗಡು ಬಡಿಯುತ್ತಾನಂತೆ, ಇದೇ ಥರ ಕೂಗುತ್ತಾನಂತೆ. ಮುದುಕ ಇಳಿದು ಬರುವ ಮುಂಚೆ ಅವನು ಜೀಪು ಓಡಿಸಿದ.

ಗಂಡಸರಿಬ್ಬರೂ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳಂತೆ ತೊಡೆಯ ಮೇಲೆ ಕೈಯಿಟ್ಟು ತಂತಮ್ಮ ಕಿಟಕಿ ನೋಡುತ್ತಿದ್ದರು. ಅಯ್ಯೋ ದೇವರೇ, ಬಾಯ್ತಪ್ಪಿ ಬಂದ ಮಾತು, ಮತ್ತೆ ನುಂಗಿಕೊಂಡರು ಎಂದುಕೊಂಡೆ. ಸುಮಿತ್ರಾ ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು.

ಮಂಜಪ್ಪ ಕಿಟಕಿಯ ಹೊರಗೆ ನೋಡುತ್ತಲೇ, "ಸ್ವಲ್ಪ ಅವಸರ ಆತು ಅಣ್ಣ. ಇನ್ನೊಂದು ಹತ್ತು ಮಾರು ಒಳಗೆ ಬರಕ್ಕೆ ಬಿಡ್ಬೇಕಿತ್ತು" ಎಂದ.

ನಮ್ಮವರು ನನ್ನ ಕಡೆ ತಿರುಗಿದರು. "ಲೇ, ನಿನ್ನ ತಂಗಿ ಗಂಡಗೆ ಹೇ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನ ತಲೆಯ ಮೇಲಿಂದ ಬಗ್ಗಿ, ನೇರವಾಗಿ ಅವನ ಮುಖ ನೋಡಿದರು. "ಹತ್ತು ಮಾರು ಒಳಗೆ ಬಿಟ್ಟರೆ ಏನೋ ಉಳೀತೈತೆ ತೆನೆ? ಹಿಂಗೆ ಕಾದೇ ನೀನು ಗದ್ದೆ ಹಾಳು ಮಾಡ್ಕಂಡಿದ್ದು!"

"ನನ್ನ ಗದ್ದೆ ಸುದ್ದಿ ನಿಮಗೆ ಎಂತಕ್ಕೆ? ಆರು ವರ್ಷ ಆತು, ಒಂದಿನ ಬಂದು ನೋಡೀರಾ?"

"ಕರೆದೀಯೇನೋ?"

"ಕರೆಯಕ್ಕೆ ನೀವು ಮಾತಾಡಿದ್ರೆ ತಾನೆ!"

ದನಿ ಏರಿತು. ಕೈ ಆಡತೊಡಗಿದವು. ಬಳ್ಳಿಗಾವಿಯ ಜೋಳ, ಹಂದಿ, ಮುಳ್ಳುಹಂದಿ, ಗೃಹಪ್ರವೇಶ, ಎಲ್ಲ ಹೊರಗೆ ಬಂತು. ಜೋಸೆಫ್ ಹೆದರಿ ಜೀಪು ನಿಧಾನ ಮಾಡಿದ. "ಮೇಡಂ, ಹೊಡೆದಾಡುತ್ತಾರಾ? ಕ್ಯಾಂಪಿಗೆ ಹೋಗಿಬಿಡಲಾ?" ಸುಮ್ಮನಿರಿ ಎಂದು ಗದರಲು ನಾನು ಬಾಯಿ ತೆರೆದೆ. ಸುಮಿತ್ರಾ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಅವಳ ಕಣ್ಣಲ್ಲಿ ನೀರು ಧಾರಾಕಾರ, ಮುಖದ ತುಂಬಾ ನಗು.

"ತಡೀಬೇಡ ಮಾರಾಯ್ತಿ" ಎಂದಳು. "ಆಡ್ಲಿ, ಜಗಳ ಆಡ್ಲಿ."

ನಾನು ಜೋಸೆಫನ ಬೆನ್ನು ತಟ್ಟಿ ಹೇಳಿದೆ, ಕ್ಯಾಂಪಿಗೆ ಬೇಡಪ್ಪಾ, ಇನ್ನೊಂದು ಸುತ್ತು ಹೊಡಿ.